ಬಲಂ ಸೀಮೆಯ ಪದಚ್ಯುತಿ: ಗುಪ್ತನೀತಿಯ ಇತಿಹಾಸವನ್ನು ಬರೆದ ಬಗೆ

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡು ಬೇಲೂರುಗಳ ಕಡೆಗೆ ಹೊರಡುವ ವಿದ್ಯಾರ್ಥಿಗೆ ರಾಜ್ಯವೊಂದರ ಪತನವೆಂದರೇನು ಎಂಬುದನ್ನು ಬೇರೆಯಾಗಿ ವಿವರಿಸಬೇಕಾದ ಅಗತ್ಯವಿಲ್ಲ. ಅರಸೀಕೆರೆಯ ಶಿವಾಲಯದಲ್ಲಿ ಅವನು ಹೊಯ್ಸಳರ ಏಳಿಗೆಯ ಕಾಲವನ್ನು ಕಾಣುತ್ತಾನೆ. ಹಳೇಬೀಡಿನಲ್ಲಿ ಊರಿನ ಹೆಸರೇ ಅವನಿಗೆ ಮಿಕ್ಕ ಕಥೆಯನ್ನು ಹೇಳುತ್ತದೆ. 1311ರಲ್ಲಿ ಮಲಿಕ್ ಕಾಫರನ ಸೈನ್ಯ ದ್ವಾರಸಮುದ್ರದ ಮುಂದೆ ಬಂದು ನಿಂತಿತು. ಪಾಂಡ್ಯ ಸೋದರರ ಜಗಳದಲ್ಲಿ ಲಾಭವನ್ನು ಹುಡುಕುತ್ತ ತೆಂಕಣಕ್ಕೆ ಹೋಗಿದ್ದ ಮೂರನೆಯ ಬಲ್ಲಾಳನು ಅವಸರದಿಂದ ಹಿಂದಿರುಗಿ, ಕಪ್ಪವನ್ನೊಪ್ಪಿಸಿ ಶರಣಾಗಬೇಕಾಯಿತು. ಇಲ್ಲಿ ಮುಚ್ಚುಮರೆಯೇನೂ ಇಲ್ಲ. ಬಂದವರಾರು, ಏಕೆ ಬಂದರು, ಏನನ್ನು ಒಯ್ದರು ಎಂಬುದು ಬಂದವರ ಪರವಾದ ಚರಿತ್ರಕಾರರಿಂದಲೇ ಹೆಮ್ಮೆಯಿಂದ ಹೇಳಲ್ಪಟ್ಟಿದೆ.

ಇದೇ ನಾಡಿನಲ್ಲಿ ಸುಮಾರು ಐದು ಶತಮಾನಗಳ ತರುವಾಯ ಇನ್ನೊಂದು ಪದಚ್ಯುತಿ ನಡೆಯಿತು. ಅದಕ್ಕೆ ಪ್ರವಾಸಿಗೆ ತೋರಿಸತಕ್ಕ ಪಾಳುಗುಡಿಯಾಗಲಿ ಒಡೆದ ವಿಗ್ರಹವಾಗಲಿ ಇಲ್ಲ. ಬೇಲೂರಿನ ನಾಯಕರೆಂದೂ ಐಗೂರಿನ ಪಾಳೆಯಗಾರರೆಂದೂ ಹೆಸರಾದ ಬಲಂ ಸೀಮೆಯ ಮನೆತನ 1802ರಲ್ಲಿ ನೇಣಿನ ಹಗ್ಗದಲ್ಲಿ ಮುಗಿದುಹೋದುದೇ ಆ ಘಟನೆ. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದು ವಾಕ್ಯ ಸಿಕ್ಕಿದರೆ ಹೆಚ್ಚು. ಆ ವಾಕ್ಯವೂ ಸಾಮಾನ್ಯವಾಗಿ ದಂಗೆಯೊಂದು ಅಡಗಿತು ಎಂಬ ರೀತಿಯಲ್ಲಿರುತ್ತದೆ. ಪರರಾಜ್ಯವೊಂದು ತೆರೆಯ ಮರೆಯಲ್ಲಿ ಕೈಯಿಟ್ಟು ಸರ್ಕಾರಗಳನ್ನು ಉರುಳಿಸಿದಾಗ ಅದರ ಫಲ ಎಷ್ಟು ಕಾಲ ಉಳಿಯುತ್ತದೆ, ಎಲ್ಲೆಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಗೆ ಈ ಒಂದು ವಾಕ್ಯವೇ ಉತ್ತರದ ಒಂದು ಭಾಗವೆಂದು ನಮಗೆ ತೋರುತ್ತದೆ. ಪ್ರಕೃತ ಲೇಖನದಲ್ಲಿ ಈ ಘಟನೆಯ ಚರಿತ್ರೆಗಿಂತ ಹೆಚ್ಚಾಗಿ, ಆ ಚರಿತ್ರೆಯನ್ನು ಬರೆದಿರುವ ಬಗೆಯನ್ನು ವಿಮರ್ಶಿಸುವುದು ನಮ್ಮ ಉದ್ದೇಶ.

ಮೊದಲು ಈ ಮನೆತನ ಯಾವ ಬಗೆಯದೆಂಬುದನ್ನು ನೋಡಬೇಕು. 'ಪಾಳೆಯಗಾರ' ಎಂಬ ಮಾತು ಇಂದು ಕಿವಿಗೆ ಬಿದ್ದೊಡನೆ ಕಾಡುಗೋಟೆ, ಸುಲಿಗೆ, ಪುಂಡಾಟಿಕೆ ಇವು ನೆನಪಿಗೆ ಬರುತ್ತವೆ. ಈ ಅರ್ಥ ಬಹುಮಟ್ಟಿಗೆ ಕುಂಪಣಿಯ ದಫ್ತರಗಳಿಂದ ಬಂದುದು. ಬೇಲೂರಿನ ನಾಯಕರು 16ನೆಯ ಶತಮಾನದಲ್ಲಿ ವಿಜಯನಗರದ ಅರಸರಿಂದ ಈ ಸೀಮೆಯನ್ನು ಪಡೆದವರು. ಅವರ ಆಡಳಿತ ಹೇಗಿತ್ತೆಂಬುದಕ್ಕೆ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟದಲ್ಲಿ ಅಚ್ಚಾಗಿರುವ, ಹಳೇಬೀಡಿನ 1638ರ ಶಾಸನವೊಂದೇ ಸಾಕು. ಹುಚ್ಚಪ್ಪದೇವನೆಂಬವನು ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದನು. ವಿಜಯಪ್ಪನೆಂಬವನು ಅದನ್ನು ಅಳಿಸಿದನು. ಎರಡು ಮತಗಳವರ ನಡುವೆ ರಕ್ತಪಾತಕ್ಕೆ ಇಷ್ಟು ಕಾರಣ ಧಾರಾಳವಾಗಿ ಸಾಕಾಗಿತ್ತು. ಆಗ ಬೇಲೂರಿನಲ್ಲಿ ಆಳುತ್ತಿದ್ದವನು ಕೃಷ್ಣಪ್ಪನಾಯಕನ ಮಗ ವೆಂಕಟಾದ್ರಿನಾಯಕ. ಜೈನ ಪ್ರಮುಖರು ದೂರನ್ನು ಒಯ್ದರು. ವೀರಶೈವ ಮಹಾಮಹತ್ತಿನ ಹಿರಿಯರನ್ನೂ ಕೂಡಿಸಲಾಯಿತು. ಮೊದಲು ವಿಭೂತಿ ವೀಳ್ಯಗಳ ಮರ್ಯಾದೆ ಸಲ್ಲಿಸಿ, ಬಳಿಕ ಜೈನರು ತಮ್ಮ ಪೂರ್ವಮರ್ಯಾದೆಯಂತೆ ಪೂಜೆಯನ್ನು ನಡೆಸಿಕೊಳ್ಳಬೇಕೆಂದು ತೀರ್ಮಾನವಾಯಿತು. ಈ ಜೈನಧರ್ಮಕ್ಕೆ ಅಡ್ಡಿ ಮಾಡಿದವನು ಶಿವನಿಗೇ ದ್ರೋಹಿಯೆಂಬ ಅರ್ಥದ ಶಾಪವನ್ನು ವೀರಶೈವರೇ ಬರೆಸಿಕೊಟ್ಟರು. ಶಾಸನದಲ್ಲಿ ಬರುವ ಈ 'ದ್ರೋಹ'ದ ಭಾವನೆಯನ್ನು ಓದುಗರು ನೆನಪಿನಲ್ಲಿಟ್ಟಿರಬೇಕೆಂದು ಕೋರುತ್ತೇವೆ. ಇಂಥ ನ್ಯಾಯವನ್ನು ಕುದುರಿಸಿ ಕಲ್ಲಿನಲ್ಲಿ ನಿಲ್ಲಿಸಬಲ್ಲ ಸಂಸ್ಥೆಯನ್ನು ಸರ್ಕಾರವೆನ್ನದೆ ಬೇರೇನನ್ನಬೇಕು?

ತರುವಾಯದ ಕಾಲದಲ್ಲಿ ಇಕ್ಕೇರಿಯವರ ಮತ್ತು ಮೈಸೂರಿನವರ ಒತ್ತಡದಿಂದ ಈ ಮನೆತನದ ಎಲ್ಲೆ ಕುಗ್ಗುತ್ತ ಬಂದು, ಕಡೆಗೆ ಐಗೂರಿನ ಸುತ್ತಣ ಮಲೆನಾಡಿಗೆ ಇಳಿಯಿತು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಕುಂಪಣಿಯ ಗುಪ್ತನೀತಿ ಮೈಸೂರಿನಲ್ಲಿ ಕಾಲಿಟ್ಟುದು ಯುದ್ಧರಂಗದಲ್ಲಲ್ಲ, ತಂಜಾವೂರಿನ ಒಂದು ಕೊಠಡಿಯಲ್ಲಿ. 1782ರ ಅಕ್ಟೋಬರ್ ಕಡೆಯಲ್ಲಿ ಅಲ್ಲಿನ ರೆಸಿಡೆಂಟನಾಗಿದ್ದ ಜಾನ್ ಸಲ್ಲಿವನ್ನನಿಗೂ, ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆ ಲಕ್ಷ್ಮಮ್ಮಣ್ಣಿಯವರ ಪರವಾಗಿ ಬಂದ ಪ್ರಧಾನ ತಿರುಮಲರಾಯನಿಗೂ ಒಂದು ಒಪ್ಪಂದವಾಯಿತು. ಹೈದರನನ್ನು ಕೆಳಗಿಳಿಸಿ ಒಡೆಯರ ವಂಶವನ್ನು ಪಟ್ಟಕ್ಕೆ ತರುವುದು ಅದರ ಗುರಿ. ಸೈನ್ಯ ಕೊಯಮತ್ತೂರನ್ನು ಹಿಡಿದಾಗ ಇಷ್ಟು, ಘಟ್ಟವನ್ನು ಹತ್ತಿದಾಗ ಇಷ್ಟು, ಮೈಸೂರು ಕೋಟೆ ಕೈಸೇರಿದಾಗ ಇಷ್ಟು, ಶ್ರೀರಂಗಪಟ್ಟಣ ಬಿದ್ದಾಗ ಇಷ್ಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಹಣವನ್ನು ಗೊತ್ತುಮಾಡಲಾಗಿತ್ತು. ತಿರುಮಲರಾಯನಿಗೂ ಅವನ ತಮ್ಮನಿಗೂ ಪ್ರಧಾನಪದವಿಯೂ ಹುಟ್ಟುವಳಿಯಲ್ಲಿ ಹತ್ತರಲ್ಲೊಂದು ಪಾಲೂ ವಾಗ್ದಾನವಾಗಿದ್ದುವು. ಮರುವರ್ಷ, 1783ರಲ್ಲಿ, ಅಂಚೆ ಶಾಮಯ್ಯ ಮೊದಲಾದವರು ಶ್ರೀರಂಗಪಟ್ಟಣದೊಳಗೇ ಒಂದು ಸಂಚನ್ನು ಹೂಡಿದರು. ರಾಜ್ಯದ ಗುಪ್ತ ವರ್ತಮಾನಗಳೆಲ್ಲ ಹಾದುಹೋಗುವ ಅಂಚೆಯ ಮುಖ್ಯಸ್ಥನೇ ಸಂಚಿನ ಕೇಂದ್ರವಾಗಿದ್ದುದು ಗಮನಿಸತಕ್ಕ ಸಂಗತಿ. ಸಂಚು ಹೊರಬಿದ್ದಿತು, ಕೆಲವರಿಗೆ ಮರಣ, ಕೆಲವರಿಗೆ ಕಠಿಣವಾದ ಸೆರೆ. ಆ ವೇಳೆಗೆ ಹೈದರನು ತೀರಿಕೊಂಡು ಟೀಪು ಪಟ್ಟದಲ್ಲಿದ್ದನು. 1784ರ ಮಾರ್ಚಿಯಲ್ಲಿ ಕುಂಪಣಿಯವರು ಮಂಗಳೂರಿನಲ್ಲಿ ಟೀಪುವಿನೊಡನೆಯೇ ಸಂಧಿ ಮಾಡಿಕೊಂಡರು. ಆ ಸಂಧಿಯಲ್ಲಿ ರಾಣಿಯ ಪ್ರಸ್ತಾಪವಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅವಶ್ಯ. ರಾಣಿಯವರ ಅಳಲು ಹೊರಗಿನವರು ಹುಟ್ಟಿಸಿದುದಲ್ಲ. ಪಟ್ಟವನ್ನು ಕಳೆದುಕೊಂಡ ಮನೆತನದ ಅಳಲು ಅದು, ಸಹಜವಾದುದು. ಟೀಪುವೂ ಇಂಥ ನೀತಿಗೆ ಹೊರತಾದವನಾಗಿರಲಿಲ್ಲ. ಫ್ರೆಂಚರಿಂದ ಗುಟ್ಟಾಗಿ ನೆರವನ್ನು ಬೇಡಲು ಅವನು ದೂತರನ್ನು ಕಳುಹಿಸಿದನು. ಮಾರಿಷಸ್ ದ್ವೀಪದ ಗವರ್ನರ್ ಮಲಾರ್ಟಿಕ್ 1798ರ ಜನವರಿಯಲ್ಲಿ ಆ ಗುಟ್ಟನ್ನು ಪ್ರಕಟನೆಯಾಗಿ ಹೊರಡಿಸಿಬಿಟ್ಟನು. ರಾಜತಂತ್ರದ ಚರಿತ್ರೆಯಲ್ಲಿ ಇಷ್ಟು ಅನುಕೂಲವಾದ ಅವಿವೇಕ ಮತ್ತೊಂದು ದೊರೆಯುವುದು ಕಷ್ಟ. ಒಳಗಿನ ಅಸಮಾಧಾನವನ್ನು ಹೊರಗಿನವರು ಸೃಷ್ಟಿಸುವುದು ವಿರಳ; ಇರುವುದನ್ನು ಬಳಸಿಕೊಳ್ಳುವುದೇ ಹೆಚ್ಚು. ಬಳಸಿಕೊಂಡಮೇಲೆ ಆ ಅಸಮಾಧಾನ ಯಾರದಾಗಿತ್ತೋ ಅವರ ಕೈಯಲ್ಲಿ ಅದು ಉಳಿಯುವುದಿಲ್ಲ. ಬಲಂ ಸೀಮೆಯ ಕಥೆಯಲ್ಲಿ ಇದು ಅತ್ಯಂತ ನಿಚ್ಚಳವಾಗಿ ಕಾಣುತ್ತದೆ.

ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಬಲಮಿನ ಕೃಷ್ಣಪ್ಪನಾಯಕನು, ಕುಂಪಣಿಯ ಮಿತ್ರಪಕ್ಷವಾಗಿದ್ದ ಮರಾಠರ ಪರಶುರಾಮಭಾವುವಿನ ಸೈನ್ಯವನ್ನು ಸೇರಿದನು. ಅದೇ ಯುದ್ಧದಲ್ಲಿ ಕೊಡಗಿನ ವೀರರಾಜೇಂದ್ರನು 1790ರಲ್ಲಿಯೇ ಕುಂಪಣಿಯೊಡನೆ ಬರವಣಿಗೆಯ ಕರಾರನ್ನು ಮಾಡಿಕೊಂಡಿದ್ದನು. 1792ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಸಂಧಿಯಾಯಿತು. ಟೀಪುವಿನ ರಾಜ್ಯದಲ್ಲಿ ಅರ್ಧ ಹೋಯಿತು. ಕಾರ್ನ್‌ವಾಲಿಸನು ಹಟಹಿಡಿದು ಕೊಡಗನ್ನು ಕುಂಪಣಿಯ ರಕ್ಷಣೆಗೆ ತಂದನು. ಬಲಮಿನ ಮಾತನ್ನು ಯಾರೂ ಎತ್ತಲಿಲ್ಲ. ಅದು ಟೀಪುವಿನ ಪಾಲಿನಲ್ಲಿಯೇ ಉಳಿಯಿತು. ಕರಾರಿದ್ದವನು ಉಳಿದನು, ಕರಾರಿಲ್ಲದೆ ಬಂದವನು ಬಯಲಲ್ಲಿ ನಿಂತನು. ಕೃಷ್ಣಪ್ಪನಾಯಕನು ಹೆದರಿ ಕೊಡಗಿಗೆ ಓಡಿದನು. ಟೀಪು ಅವನನ್ನು ಹಿಂದಕ್ಕೆ ಕರೆಸಿ ಐಗೂರು ಸೀಮೆಯನ್ನು ಮಾತ್ರ ಬಿಟ್ಟುಕೊಟ್ಟು, ಮಿಕ್ಕುದನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡನು. ಘಟ್ಟದ ದಾರಿಯನ್ನು ಕಾಯುವುದಕ್ಕಾಗಿ ಸಕಲೇಶಪುರದ ಬಳಿ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆ ಎದ್ದಿತು. ಮಂಜರಾಬಾದ್ ಎಂಬ ಆ ಕೋಟೆಯ ಹೆಸರು ಬಲಮಿನ ಹೆಸರನ್ನು ನಕ್ಷೆಯಿಂದಲೇ ಒರಸಿತು. (ಕರಾರಿದ್ದ ಕೊಡಗಿನ ಗತಿಯೂ 1834ರಲ್ಲಿ ಬೇರೆಯಾಗಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬಹುದು.)

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಯುದ್ಧ ಬಹಿರಂಗವಾದುದೇ, ಆದರೆ ಜನರಲ್ ಹ್ಯಾರಿಸನ ದಂಡಿನ ಜತೆಯಲ್ಲಿ, ಟೀಪುವಿನ ಅಧಿಕಾರಿಗಳನ್ನೂ ಸಾಮಂತರನ್ನೂ ಮಾತಿನಿಂದ ಒಲಿಸಿಕೊಳ್ಳುವುದಕ್ಕಾಗಿ ಬೇರೊಂದು ಆಯೋಗವೂ ಬಂದಿತ್ತು. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾಯಿತು. ಹದಿನೇಳು ವರ್ಷ ಕಾದಿದ್ದ ತಿರುಮಲರಾಯನಿಗೆ ಪ್ರಧಾನಪದವಿ ಬರಲಿಲ್ಲ. ಟೀಪುವಿನ ಮಂತ್ರಿಯಾಗಿದ್ದ ಪೂರ್ಣಯ್ಯನವರೇ ದಿವಾನರಾದರು. ಹಳೆಯ ಗುಪ್ತಪತ್ರ ತನ್ನನ್ನು ಕಟ್ಟಿಹಾಕುವುದಿಲ್ಲವೆಂದು ಕುಂಪಣಿ ನಿಶ್ಚಯಿಸಿತ್ತು. ಆಡಳಿತದ ದೃಷ್ಟಿಯಿಂದ ಪೂರ್ಣಯ್ಯನವರ ಆಯ್ಕೆ ಸರಿಯಾದುದೇ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಕೊಟ್ಟ ಮಾತಿನ ದೃಷ್ಟಿಯಿಂದ ಅದಕ್ಕೆ ಬೇರೆ ಹೆಸರುಂಟು.

ಈ ಹೊತ್ತಿಗೆ ಐಗೂರಿನಲ್ಲಿ ಕೃಷ್ಣಪ್ಪನಾಯಕನ ಮಗ ವೆಂಕಟಾದ್ರಿನಾಯಕನಿದ್ದನು. ಟೀಪು ಹೋದಮೇಲೆ ತನ್ನ ಸೀಮೆ ತನ್ನದೆಂದು ಅವನು ಭಾವಿಸಿದನು. ತಂದೆ ಯಾರ ಪಕ್ಷದಲ್ಲಿದ್ದನೋ ಆ ಪಕ್ಷವೇ ಗೆದ್ದಿರುವಾಗ ಹಾಗೆ ಭಾವಿಸಿದುದರಲ್ಲಿ ಆಶ್ಚರ್ಯವಿಲ್ಲ. 1800ರಲ್ಲಿ ಅವನ ಮೇಲೆ ಸೈನ್ಯ ಹೋಯಿತು; ಧೋಂಡಿಯ ವಾಘನ ಗಲಭೆಯಿಂದಾಗಿ ಕೆಲಸ ಅರ್ಧಕ್ಕೇ ನಿಂತಿತು. 1802ರ ಜನವರಿಯಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂವಿನಲ್ಲಿ ಹೆಸರಾದವನೇ, ಕಾಡಿನ ನಡುವಣ ಅರಕೆರೆಯ ಕೋಟೆಯನ್ನು ಹಿಡಿದನು. (ಈ ಅರಕೆರೆ ಮಲೆನಾಡಿನದು, ಇಂಗ್ಲಿಷ್ ಕಾಗುಣಿತದಿಂದ ಮೋಸಹೋಗಿ ಇದನ್ನು ಅರಸೀಕೆರೆಯೆಂದು ತಿಳಿಯಬಾರದು.) ಫೆಬ್ರವರಿಯಲ್ಲಿ ವೆಂಕಟಾದ್ರಿನಾಯಕನು ಸಿಕ್ಕಿಬಿದ್ದನು, ಕೂಡಲೇ ಗಲ್ಲಿಗೇರಿಸಲ್ಪಟ್ಟನು. ತಂದೆಯ ಸ್ನೇಹಕ್ಕೂ ಮಗನ ನೇಣಿಗೂ ನಡುವೆ ಹತ್ತು ವರ್ಷ.

ಇನ್ನು ಬರವಣಿಗೆಯ ವಿಚಾರ. ಈ ಕಾಲದ ಮೈಸೂರಿನ ಮೇಲೆ ಮೊದಲ ದೊಡ್ಡ ಗ್ರಂಥವನ್ನು ಬರೆದವನು ಮಾರ್ಕ್ ವಿಲ್ಕ್ಸ್. ಅವನ ಮೂರು ಸಂಪುಟಗಳು 1810ರಿಂದ 1817ರವರೆಗೆ ಅಚ್ಚಾದುವು. ಶ್ರಮಜೀವಿ, ವಿಷಯಗಳನ್ನು ತೂಗಿನೋಡುವವನು, ಶೈಲಿಯಲ್ಲಿಯೂ ಸಾಧಾರಣನಲ್ಲ. ಆದರೆ ಅವನು ಮೈಸೂರಿನಲ್ಲಿ ರೆಸಿಡೆಂಟನ ಅಧಿಕಾರವನ್ನು ನಡೆಸಿದವನು, ಎಂದರೆ ಯಾವ ಸಂಸ್ಥೆ ಈ ಸರ್ಕಾರವನ್ನು ಇಳಿಸಿ ಆ ಸರ್ಕಾರವನ್ನು ಏರಿಸಿತೋ ಅದರ ಪ್ರತಿನಿಧಿ. ವಿಲ್ಕ್ಸನು 1782ರ ಒಪ್ಪಂದವನ್ನು ಮುಚ್ಚಿಡುವುದಿಲ್ಲ. ಈ ಮಟ್ಟಿಗೆ ಅವನಿಗೆ ನಾವು ಋಣಿಗಳು. ಅವನ ದೋಷ ಬೇರೆ ತೆರನಾದುದು. ಗುಪ್ತನೀತಿ ಅವನ ಪುಟಗಳಲ್ಲಿ ಒಂದು ಸ್ವಾರಸ್ಯವಾದ ಉಪಕಥೆಯಾಗಿ ಬಂದುಹೋಗುತ್ತದೆ. 1799ರ ವ್ಯವಸ್ಥೆ ಮಾತ್ರ ನ್ಯಾಯದ ಪುನಃಸ್ಥಾಪನೆಯಾಗಿ ನಿಲ್ಲುತ್ತದೆ. ಎರಡಕ್ಕೂ ಇರುವ ನಂಟನ್ನು ಓದುಗನೇ ಕಟ್ಟಿಕೊಳ್ಳಬೇಕು.

ಆರ್ಥರ್ ವೆಲ್ಲೆಸ್ಲಿಯ ಪತ್ರಗಳು ಇನ್ನೂ ಉಪಯುಕ್ತವಾದುವು, ಏಕೆಂದರೆ ಅವು ಚರಿತ್ರೆಯಾಗಿ ಬರೆದುವಲ್ಲ. ಆ ಪತ್ರಗಳಲ್ಲಿ ವೆಂಕಟಾದ್ರಿನಾಯಕನು 'ಬುಲ್ಲಂ ರಾಜ'. ಕಾದಾಡುತ್ತಿರುವವನಿಗೆ ಎದುರಾಳಿ ರಾಜನೆಂಬುದು ಗೊತ್ತಿತ್ತು. 1870ರ ದಶಕದಲ್ಲಿ ರೈಸ್ ಸಾಹೇಬರ ಗ್ಯಾಸೆಟಿಯರು ಬರುವ ವೇಳೆಗೆ ಆ ರಾಜನು ಪಾಳೆಯಗಾರನಾಗಿದ್ದಾನೆ. ಅವನು ಮಾಡಿದುದು ಸ್ವತಂತ್ರನಾಗಲು ಹವಣಿಸಿದ ಅಪರಾಧವಾಗಿದೆ. ರೈಸರಿಗೆ ಕನ್ನಡ ನಾಡು ಸಲ್ಲಿಸಬೇಕಾದ ಕೃತಜ್ಞತೆಯನ್ನು ನಾವು ಕಡಮೆಮಾಡುತ್ತಿಲ್ಲ. ಮೇಲೆ ಹೇಳಿದ 1638ರ ಶಾಸನವನ್ನು ನಮಗೆ ಕೊಟ್ಟವರೂ ಅವರೇ. ಆದರೆ ಶಾಸನಸಂಪುಟದ ರೈಸರೂ ಗ್ಯಾಸೆಟಿಯರಿನ ರೈಸರೂ ಒಬ್ಬರಿಗೊಬ್ಬರು ಭೇಟಿಯಾದಂತೆ ತೋರುವುದಿಲ್ಲ. ಒಂದರಲ್ಲಿ ವೆಂಕಟಾದ್ರಿನಾಯಕನೆಂಬ ಹೆಸರು ನ್ಯಾಯಾಸನದ ಮೇಲಿದೆ, ಇನ್ನೊಂದರಲ್ಲಿ ಗಲ್ಲುಗಂಬದ ಕೆಳಗಿದೆ. ಇವೆರಡನ್ನೂ ಒಂದೇ ಮನೆತನದ ಚರಿತ್ರೆಯಾಗಿ ಓದುವ ಕೆಲಸ ನಮ್ಮವರಿಂದಲೂ ಸರಿಯಾಗಿ ನಡೆದಿಲ್ಲ. ಕನ್ನಡದಲ್ಲಿ ಬರೆದ ನಾವು ಇಂಗ್ಲಿಷಿನ ಶಬ್ದಕ್ಕೆ 'ದಂಗೆಕೋರ' ಎಂಬ ಮಾತನ್ನು ಹೊಂದಿಸಿಕೊಂಡು ಮುಂದೆ ನಡೆದೆವು. ದಂಗೆಯೆನ್ನಬೇಕಾದರೆ ಮೊದಲು ಒಪ್ಪಿಕೊಂಡ ಒಡೆತನವಿರಬೇಕು. ವೆಂಕಟಾದ್ರಿನಾಯಕನು 1799ರ ವ್ಯವಸ್ಥೆಯನ್ನು ಯಾವಾಗ ಒಪ್ಪಿದ್ದನು?

ಪಾಳೆಯಗಾರರ ಮನೆತನಗಳ ಕೈಫಿಯತ್ತುಗಳಿವೆಯಲ್ಲ ಎಂದು ಕೆಲವರು ಕೇಳಬಹುದು. ಮೆಕೆಂಜಿಯ ಮೈಸೂರು ಮೋಜಣಿ ಪ್ರಾರಂಭವಾದುದು ಶ್ರೀರಂಗಪಟ್ಟಣ ಬಿದ್ದ ಮೇಲೆ. ಪದವಿ ಹೋದವರ ವಂಶಸ್ಥರೂ ಶಾನುಭೋಗರೂ ತಮ್ಮ ಹಿಂದಣ ಕಥೆಯನ್ನು ಬರೆಯಿಸಿದುದು ಹೊಸ ಸರ್ಕಾರದ ಅಧಿಕಾರಿಯ ಎದುರಿನಲ್ಲಿ. ಜೀವನಾಂಶದ ಆಸೆ, ಅಪರಾಧಿಯಾಗುವ ಭಯ ಇವೆರಡೂ ಲೇಖಣಿಯನ್ನು ಹಿಡಿದಿದ್ದುವೆಂಬುದನ್ನು ಮರೆತು ಕೈಫಿಯತ್ತನ್ನು ಓದಿದರೆ, ಯಾವುದನ್ನು ಹೇಳಿಲ್ಲವೆಂಬುದು ತಿಳಿಯುವುದೇ ಇಲ್ಲ.

ಈಚೆಗೆ ಇದಕ್ಕೆ ವಿರುದ್ಧವಾದ ಇನ್ನೊಂದು ಪ್ರವೃತ್ತಿ ಕಾಣಿಸಿಕೊಂಡಿದೆ: ವೆಂಕಟಾದ್ರಿನಾಯಕನನ್ನು ಸ್ವಾತಂತ್ರ್ಯ ಹೋರಾಟದ ಆದ್ಯರಲ್ಲಿ ಒಬ್ಬನನ್ನಾಗಿ ಮಾಡುವುದು. ಅಭಿಮಾನ ಮೆಚ್ಚತಕ್ಕದ್ದು, ವಿಚಾರ ಸಾಲದು. ಅವನ ತಂದೆ ಹೊರಗಿನ ದಂಡನ್ನು ಸೇರಿದವನೆಂಬ ಸಂಗತಿಯನ್ನು ಬಿಟ್ಟರೆ ಮಾತ್ರ ಈ ಚಿತ್ರ ನಿಲ್ಲುತ್ತದೆ. ಮಲಬಾರಿನ ಪಳಶ್ಶಿರಾಜನ ವಿಷಯದಲ್ಲಿಯೂ ಹೀಗೆಯೇ: 1805ರಲ್ಲಿ ಕುಂಪಣಿಗೆದುರಾಗಿ ಮಡಿದ ಅವನು ಮೊದಲು ಮೈಸೂರಿನವರ ವಿರುದ್ಧ ಕುಂಪಣಿಯ ಜತೆ ನಿಂತಿದ್ದವನೇ. ಇವರನ್ನು ದ್ರೋಹಿಗಳೆಂದೋ ವೀರರೆಂದೋ ವಿಂಗಡಿಸುವ ಅವಸರ ಗುಪ್ತನೀತಿ ನಮ್ಮಲ್ಲಿ ಬಿಟ್ಟುಹೋದ ಒಂದು ರೋಗವೆಂದೇ ನಾವು ಭಾವಿಸುತ್ತೇವೆ. ಮೀರ್ ಸಾದಕನ ಹೆಸರು ಇದಕ್ಕೆ ನಿದರ್ಶನ. ಕೋಟೆಯ ಗೋಡೆಯನ್ನು ಫಿರಂಗಿಗಳು ಒಡೆದುವು. ಆದರೆ ಜನದ ನೆನಪಿನಲ್ಲಿ ಅದನ್ನು ಒಡೆದವನು ಒಬ್ಬ ಮನುಷ್ಯ. ಸಂಚು ಒಮ್ಮೆ ನಡೆದ ನಾಡಿನಲ್ಲಿ ಪ್ರತಿಯೊಂದು ಸೋಲಿಗೂ ಸಂಚೇ ಕಾರಣವಾಗಿ ಕಾಣತೊಡಗುತ್ತದೆ.

ಈ ಶಂಕೆ ಎಷ್ಟು ದೂರ ಹೋಗಬಲ್ಲದೆಂಬುದನ್ನು ಮೇಲುಕೋಟೆಯಲ್ಲಿ ನೋಡಬಹುದು. ಮಂಡ್ಯಂ ಅಯ್ಯಂಗಾರ್ ಮನೆತನಗಳಲ್ಲಿ ನರಕಚತುರ್ದಶಿಯ ಹಬ್ಬವಿಲ್ಲ. ತಿರುಮಲರಾಯನ ಬಂಧುವರ್ಗವನ್ನು ಟೀಪು ಆ ದಿನ ಕೊಲ್ಲಿಸಿದನೆಂಬ ಪರಂಪರೆ ಅದಕ್ಕೆ ಕಾರಣವಾಗಿ ಹೇಳಲ್ಪಡುತ್ತದೆ. ಈ ಪರಂಪರೆಯ ವಿವರಗಳ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಮ್ಮ ಪ್ರಸಕ್ತಿಗೆ ಬೇಕಾದುದು ಇಷ್ಟು: ತಂಜಾವೂರಿನಲ್ಲಿ ಇಬ್ಬರು ಮಾಡಿದ ಸಹಿಯ ಭಾರವನ್ನು, ಆ ಕಾಗದವನ್ನು ಕಣ್ಣಿನಿಂದ ಕಾಣದವರ ಮನೆಯ ದೀಪಗಳು ಇಂದಿಗೂ ಹೊತ್ತಿವೆ. ಸಹಿ ಮಾಡಿಸಿಕೊಂಡ ಕುಂಪಣಿ 1784ರಲ್ಲಿಯೇ ಅದನ್ನು ಕೈಬಿಟ್ಟಿತ್ತು.

ಜನರ ನೆನಪಿಗಿಂತಲೂ ಗಟ್ಟಿಯಾಗಿ ಉಳಿದುದು ಸಂಧಿಯ ಕಲಮುಗಳು. 1799ರ ಜುಲೈಯ ಸಂಧಿಯಂತೆ ಮೈಸೂರು ವರ್ಷಕ್ಕೆ ಏಳು ಲಕ್ಷ ಸ್ಟಾರ್ ವರಹಗಳನ್ನು ಕೊಡಬೇಕು. ಈ ಹಣಕ್ಕೆ ಧಕ್ಕೆ ಬಂದೀತೆಂದು ಗವರ್ನರ್ ಜನರಲನಿಗೆ ತೋರಿದರೆ ನಾಡಿನ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬಹುದೆಂದು ನಾಲ್ಕು ಐದನೆಯ ಕಲಮುಗಳು ಹೇಳುತ್ತವೆ. ಮೂವತ್ತೆರಡು ವರ್ಷ ಮಲಗಿದ್ದ ಈ ಮಾತುಗಳು ನಗರದ ರೈತರು ಎದ್ದ ಬಳಿಕ, 1831ರಲ್ಲಿ, ಬೆಂಟಿಂಕನ ಕೈಯಲ್ಲಿ ಎಚ್ಚತ್ತುವು. ಐದು ವರ್ಷದ ಹುಡುಗನ ಹೆಸರಿನಲ್ಲಿ ಒಪ್ಪಿದ ಷರತ್ತಿನಿಂದ ಆ ಹುಡುಗನೇ ಪ್ರೌಢನಾದ ಮೇಲೆ ಅಧಿಕಾರ ಕಳೆದುಕೊಂಡನು. ಅದು ಹಿಂದಿರುಗಿದುದು 1881ರಲ್ಲಿ, ಅವನ ದತ್ತುಪುತ್ರನಿಗೆ. ಆ ದತ್ತಕವನ್ನು ಒಪ್ಪಬೇಕೆ ಬೇಡವೆ ಎಂಬ ವಾದವೂ 1799ರ ಪತ್ರದಲ್ಲಿ ವಾರಸುದಾರರ ಮಾತು ಇಲ್ಲವೆಂಬುದರ ಮೇಲೆಯೇ ನಡೆಯಿತು. ಅಧಿಕಾರವನ್ನು ಹಿಂದಿರುಗಿಸುವಾಗ ಕಪ್ಪವನ್ನು 35 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಏರಿಸಿದ ಭಾಗದ ವಸೂಲಿ 1896ರಿಂದ ನಡೆಯಿತು. ಮಂಜರಾಬಾದಿನ ಕಾಡುಗಳಲ್ಲಿ 1840ರ ದಶಕದಿಂದ ಯೂರೋಪಿಯನ್ನರ ಕಾಫಿ ತೋಟಗಳು ಹಬ್ಬಿದುದನ್ನೂ ಈ ಪಟ್ಟಿಗೆ ಸೇರಿಸುವವರಿದ್ದಾರೆ. ನಾವು ಅಷ್ಟು ದೂರ ಹೋಗಲಾರೆವು. ಕಾಫಿಗೆ ಬೇರೆ ಕಾರಣಗಳಿವೆ. ಪಾಳೆಯಗಾರನಿಲ್ಲದ ಕಾಡು ಅದಕ್ಕೆ ಅನುಕೂಲವಾಯಿತೆಂದು ಮಾತ್ರ ಹೇಳಬಹುದು.

ಇದು ಹಳೆಯ ಕುಂಪಣಿಯ ಕಾಲದ ಮಾತಷ್ಟೇ ಅಲ್ಲ. ಇರಾನಿನಲ್ಲಿ 1953ರ ಆಗಸ್ಟಿನಲ್ಲಿ ಪ್ರಧಾನಿ ಮೊಸಾದೆಕರ ಸರ್ಕಾರ ಅಮೆರಿಕ ಮತ್ತು ಬ್ರಿಟನ್ನುಗಳ ಗುಪ್ತಚರ ಸಂಸ್ಥೆಗಳ ಕೈವಾಡದಿಂದ ಉರುಳಿತು. ಷಹನ ಸರ್ಕಾರ ಅದನ್ನು ರಾಷ್ಟ್ರೀಯ ಉತ್ಥಾನವೆಂದು ಆಚರಿಸುತ್ತಿದ್ದಿತು. ಅಮೆರಿಕದ ವಿದೇಶಾಂಗ ಇಲಾಖೆ 1989ರಲ್ಲಿ ಆ ವರ್ಷಗಳ ದಾಖಲೆಗಳ ಅಧಿಕೃತ ಸಂಪುಟವನ್ನು ಹೊರತಂದಾಗ ಈ ಕೈವಾಡದ ಸೊಲ್ಲೇ ಅದರಲ್ಲಿರಲಿಲ್ಲ. ಅಲ್ಲಿನ ಇತಿಹಾಸಕಾರರು ಇದನ್ನು ಬಲವಾಗಿ ಪ್ರತಿಭಟಿಸಿದರು; 1991ರಲ್ಲಿ ಇಂಥ ಸಂಪುಟಗಳು ಪೂರ್ಣವಾಗಿರಬೇಕೆಂಬ ಕಾನೂನಾಯಿತು; 2017ರಲ್ಲಿ ಬೇರೊಂದು ಸಂಪುಟ ಬಂದಿತು. ಈ ನಡುವೆ 1979ರ ಕ್ರಾಂತಿ ನಡೆದು, ಟೆಹರಾನಿನ ಅಮೆರಿಕನ್ ರಾಯಭಾರ ಕಛೇರಿಯನ್ನು ಆಕ್ರಮಿಸಿದವರು 1953ನ್ನು ನೆನಪಿಸಿಕೊಂಡೇ ಒಳಹೊಕ್ಕರು. ದಾಖಲೆಯಲ್ಲಿ ಇಲ್ಲದುದು ಬೀದಿಯಲ್ಲಿದ್ದಿತು. ವಿಲ್ಕ್ಸನು ಹೇಳಿ ಹಗುರಮಾಡಿದನು, 1989ರ ಸಂಪಾದಕರು ಹೇಳದೆಯೇ ಬಿಟ್ಟರು. ಎರಡರಲ್ಲಿ ಯಾವುದು ಹೆಚ್ಚು ಹಾನಿಕರವೆಂಬುದನ್ನು ವಿದ್ಯಾರ್ಥಿಗಳು ಚರ್ಚಿಸಬಹುದು. ನಮ್ಮ ಮಟ್ಟಿಗೆ, ಹೇಳದೆ ಬಿಟ್ಟುದು ಎಂದಾದರೊಮ್ಮೆ ಸಿಕ್ಕಿಬೀಳುತ್ತದೆ. ಹಗುರಮಾಡಿ ಹೇಳಿದುದು ಪಾಠವಾಗಿ ತಲೆಮಾರುಗಳಿಗೆ ಇಳಿಯುತ್ತದೆ.

ಬಲಂ ಸೀಮೆಯ ಚರಿತ್ರೆಯನ್ನು ಹೊಸದಾಗಿ ಬರೆಯುವುದಕ್ಕೆ ಸಾಮಗ್ರಿ ಇಲ್ಲದಿಲ್ಲ. ಹಾಸನ ಜಿಲ್ಲೆಯ ಶಾಸನಸಂಪುಟ, 1830ರ ದಶಕದಲ್ಲಿ ಗರ್ವುಡ್ ಸಂಪಾದಿಸಿ ಪ್ರಕಟಿಸಿದ ವೆಲ್ಲೆಸ್ಲಿಯ ಪತ್ರಗಳು, ವಿಲ್ಕ್ಸನ ಗ್ರಂಥ, ಇವನ್ನು ಒಂದೇ ಮೇಜಿನ ಮೇಲೆ ಹರಡಿಕೊಂಡು ಹೆಸರಿಗೆ ಹೆಸರನ್ನು, ವರ್ಷಕ್ಕೆ ವರ್ಷವನ್ನು ಹೊಂದಿಸಿ ನೋಡುವವರು ಬೇಕು. ನಮ್ಮ ಕಾಲೇಜುಗಳ ಪ್ರವಾಸದ ಬಸ್ಸುಗಳು ಹಳೇಬೀಡಿನಲ್ಲಿ ಹೊಯ್ಸಳೇಶ್ವರದ ಮುಂದೆ ನಿಂತು, ಗಂಟೆಯೊಳಗೆ ಬೇಲೂರಿಗೆ ತಿರುಗುತ್ತವೆ. ಬಸದಿಗಳಿರುವುದು ಅಲ್ಲಿಂದ ಸ್ವಲ್ಪವೇ ದೂರದಲ್ಲಿ. ವೆಂಕಟಾದ್ರಿನಾಯಕನೆಂಬ ಹೆಸರು ಆಳುವವನ ಹೆಸರಾಗಿ ಕೆತ್ತಲ್ಪಟ್ಟಿರುವುದು ಅಲ್ಲಿಯ ಕಲ್ಲಿನಲ್ಲಿ.